ನಮ್ಮವರ ನಾಣ್ಯ ಯಾವಾಗ ಎಂದು ಕೇಳುವುದು ಬೇಡ

2023ರ ಆಗಸ್ಟ್ ತಿಂಗಳಲ್ಲಿ ಎನ್.ಟಿ. ರಾಮರಾವ್ ಅವರ ಜನ್ಮಶತಮಾನೋತ್ಸವದ ನೆನಪಿನ 100 ರೂಪಾಯಿ ನಾಣ್ಯವನ್ನು ರಾಷ್ಟ್ರಪತಿಗಳು ದಿಲ್ಲಿಯಲ್ಲಿ ಬಿಡುಗಡೆ ಮಾಡಿದರು. ಮರುವರ್ಷ ಅದೇ ತಿಂಗಳು ಚೆನ್ನೈಯಲ್ಲಿ ಎಂ. ಕರುಣಾನಿಧಿ ಅವರ 100 ರೂಪಾಯಿ ನಾಣ್ಯ ಬಂತು. ಬಿಡುಗಡೆ ಮಾಡಿದವರು ರಕ್ಷಣಾ ಸಚಿವ ರಾಜನಾಥ ಸಿಂಗ್. ಅದಕ್ಕೂ ಮೊದಲೇ ಕಾಮರಾಜ್, ಅಣ್ಣಾದುರೈ, ಸಿ. ಸುಬ್ರಮಣಿಯಂ, ಎಂ.ಜಿ. ರಾಮಚಂದ್ರನ್ ಅವರ ನಾಣ್ಯಗಳು ಬಂದಿದ್ದವು. ಇಂಥ ಸುದ್ದಿ ಬಂದಾಗಲೆಲ್ಲ ನಮ್ಮಲ್ಲಿ ಒಂದು ಕೊರಗು ಏಳುತ್ತದೆ. ಅವರಿಗೆಲ್ಲ ಸಿಕ್ಕಿತು, ಕುವೆಂಪು ಅವರಿಗೆ ಯಾವಾಗ, ರಾಜ್‌ಕುಮಾರ್ ಅವರಿಗೆ ಯಾವಾಗ, ದಿಲ್ಲಿಯಲ್ಲಿ ನಮ್ಮ ಪರವಾಗಿ ಮಾತಾಡುವವರೇ ಇಲ್ಲವೆ?

ಕೊರಗು ಅರ್ಥವಾಗುವಂಥದ್ದೇ. ಅದರ ಅಡಿಯಲ್ಲಿರುವ ನಂಬಿಕೆಯನ್ನು ಮಾತ್ರ ನಾನು ಒಪ್ಪಲಾರೆ. ಸ್ಮರಣಾರ್ಥ ನಾಣ್ಯವೆಂದರೆ ಕೇಂದ್ರ ಸರ್ಕಾರ ಹಂಚುವ ಒಂದು ಗೌರವ, ಪ್ರತಿ ರಾಜ್ಯಕ್ಕೂ ಪ್ರತಿ ಸಮುದಾಯಕ್ಕೂ ಪ್ರತಿ ಪಕ್ಷಕ್ಕೂ ಅದರಲ್ಲಿ ಪಾಲು ಬರಬೇಕು, ವ್ಯಕ್ತಿ ದೊಡ್ಡವರಾದಷ್ಟೂ ಬೆಳ್ಳಿ ಹೆಚ್ಚಿರಬೇಕು, ಮುಖಬೆಲೆ ಏರಬೇಕು ಎಂಬುದು ಆ ನಂಬಿಕೆ. ಇಂದು ಇದನ್ನು ಪ್ರಶ್ನಿಸುವವರೇ ಇಲ್ಲ. ಆಳುವ ಪಕ್ಷ ಹೀಗೆಯೇ ಯೋಚಿಸುತ್ತದೆ, ವಿರೋಧ ಪಕ್ಷವೂ ಹೀಗೆಯೇ ಯೋಚಿಸುತ್ತದೆ, ಮಠಗಳು, ಅಭಿಮಾನಿ ಸಂಘಗಳು, ವಿಶ್ವವಿದ್ಯಾಲಯಗಳು, ಸರ್ಕಾರಿ ಕಂಪನಿಗಳು ಎಲ್ಲವೂ ಹೀಗೆಯೇ. ನಾಣ್ಯ ಎಂದರೇನು ಎಂಬುದನ್ನೇ ಮರೆತಾಗ ಮಾತ್ರ ಇಂಥ ನಂಬಿಕೆ ಹುಟ್ಟಲು ಸಾಧ್ಯ.

ನಾಣ್ಯ ಕೈಯಿಂದ ಕೈಗೆ ಹೋಗುವ ವಸ್ತು. ಪದಕಕ್ಕೂ ಅದಕ್ಕೂ ಇರುವ ವ್ಯತ್ಯಾಸವೇ ಅದು. ಪದಕವನ್ನು ಕೊಡುವವರೊಬ್ಬರು, ಪಡೆಯುವವರೊಬ್ಬರು. ವ್ಯವಹಾರ ಅಲ್ಲಿಗೆ ಮುಗಿಯಿತು. ನಾಣ್ಯವನ್ನು ತರಕಾರಿಯವಳು ಕಂಡಕ್ಟರನಿಗೆ ಕೊಡುತ್ತಾಳೆ, ಕಂಡಕ್ಟರ್ ಶಾಲೆಗೆ ಹೋಗುವ ಹುಡುಗಿಗೆ ಚಿಲ್ಲರೆಯಾಗಿ ಕೊಡುತ್ತಾನೆ, ಹುಡುಗಿ ಪೆನ್ಸಿಲ್ ಕೊಳ್ಳುತ್ತಾಳೆ. ಅದರ ಮೇಲಿನ ಚಿತ್ರವನ್ನು ಯಾರೂ ಕೇಳಿ ಪಡೆದದ್ದಲ್ಲ, ಯಾರೂ ಬೇಡ ಎನ್ನುವಂತಿಲ್ಲ. ಹಾಗಾಗಿಯೇ ಆ ಚಿತ್ರ ಯಾವುದಿರಬೇಕು ಎಂಬ ಪ್ರಶ್ನೆ ಎಲ್ಲರಿಗೂ ಸೇರಿದ್ದು.

ಈಗ ಐವತ್ತು ದಾಟಿದವರಿಗೆ ಒಂದು ನಾಣ್ಯ ನೆನಪಿರಬೇಕು. ಹಗುರವಾದ ಅಲ್ಯೂಮಿನಿಯಮ್ಮಿನದು, ಅಂಚು ಅಲೆಅಲೆಯಾಗಿರುವ 10 ಪೈಸೆ. 1970ರ ದಶಕದಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಕರೆಯಂತೆ ನಮ್ಮ ಸರ್ಕಾರ ಹೆಚ್ಚುಕಡಿಮೆ ಪ್ರತಿ ವರ್ಷ ಒಂದು ವಿಷಯ ಆರಿಸಿ ನಾಣ್ಯ ಹೊರಡಿಸುತ್ತಿತ್ತು. 1973ರಲ್ಲಿ ಹೆಚ್ಚು ಆಹಾರ ಬೆಳೆಯಿರಿ ಎಂಬುದು. 1974ರಲ್ಲಿ ಯೋಜಿತ ಕುಟುಂಬ, ಎಲ್ಲರಿಗೂ ಆಹಾರ. 1975ರ ಮಹಿಳಾ ವರ್ಷದಲ್ಲಿ ಸಮಾನತೆ, ಅಭಿವೃದ್ಧಿ, ಶಾಂತಿ. 1976ರಲ್ಲಿ ಎಲ್ಲರಿಗೂ ಅನ್ನ ಮತ್ತು ಕೆಲಸ, 1978ರಲ್ಲಿ ಎಲ್ಲರಿಗೂ ಅನ್ನ ಮತ್ತು ಸೂರು, 1980ರಲ್ಲಿ ಗ್ರಾಮೀಣ ಮಹಿಳೆಯರ ಏಳಿಗೆ. ಆಮೇಲೂ ಈ ಸಾಲು ಮುಂದುವರಿಯಿತು: 1986ರಲ್ಲಿ 50 ಪೈಸೆಯ ಮೇಲೆ ಮೀನುಗಾರಿಕೆ, 1987ರಲ್ಲಿ 1 ರೂಪಾಯಿಯ ಮೇಲೆ ಸಣ್ಣ ರೈತರು, 1993ರಲ್ಲಿ 2 ರೂಪಾಯಿಯ ಮೇಲೆ ಜೀವವೈವಿಧ್ಯ, 1994ರಲ್ಲಿ ಬದುಕಿಗಾಗಿ ನೀರು. 1990ರಲ್ಲಿ ಅಂಗನವಾಡಿಗಳ ಮಾತೃಯೋಜನೆಯಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಗೆ 15 ವರ್ಷ ತುಂಬಿದಾಗಲೂ 1 ರೂಪಾಯಿ ನಾಣ್ಯ ಬಂದಿತ್ತು.

ಆ ಕಾಲವೇ ಚಿನ್ನದ ಕಾಲವೆಂದು ನಾನು ಹೇಳುತ್ತಿಲ್ಲ. ಯೋಜಿತ ಕುಟುಂಬದ ನಾಣ್ಯ ಬಂದ ಎರಡೇ ವರ್ಷಕ್ಕೆ ತುರ್ತು ಪರಿಸ್ಥಿತಿಯ ಬಲವಂತದ ಸಂತಾನಹರಣ ಚಿಕಿತ್ಸೆಗಳು ನಡೆದವು. ಎಲ್ಲರಿಗೂ ಕೆಲಸ ಎಂದು ನಾಣ್ಯದ ಮೇಲೆ ಟಂಕಿಸಿದ ವರ್ಷವೂ ಅದೇ 1976. ಸರ್ಕಾರಿ ಪ್ರಚಾರ ಆಗಲೂ ಇತ್ತು. ಆದರೆ ಆ ಪ್ರಚಾರ 10 ಪೈಸೆಯಾಗಿ ಹಸಿದವನ ಕೈಗೂ ಬರುತ್ತಿತ್ತು. ಎಲ್ಲರಿಗೂ ಅನ್ನ ಎಂದು ಓದಿ, ನನಗೆ ಎಲ್ಲಿದೆ ಎಂದು ಅವನು ಕೇಳಬಹುದಿತ್ತು. ಸರ್ಕಾರ ತಾನು ಆಡಿದ ಮಾತನ್ನು ಪ್ರಜೆಯ ಕೈಯಲ್ಲಿ ಇಡುತ್ತಿತ್ತು. ಸ್ಮರಣಾರ್ಥ ನಾಣ್ಯದಿಂದ ನಾನು ಬಯಸುವುದು ಅಷ್ಟೇ.

ಅದೇ ಆಹಾರ ಮತ್ತು ಕೃಷಿ ಸಂಸ್ಥೆಗೆ 2020ರ ಅಕ್ಟೋಬರಿನಲ್ಲಿ 75 ವರ್ಷ ತುಂಬಿತು. ಆಗಲೂ ನಾಣ್ಯ ಬಂತು, 75 ರೂಪಾಯಿಯದು. ಅದನ್ನು ಕೊಟ್ಟು ಯಾರೂ ಬೆಂಡೆಕಾಯಿ ಕೊಂಡಿಲ್ಲ. ಚಲಾವಣೆಗೆಂದು ಮಾಡಿದ್ದೇ ಅಲ್ಲ ಅದು. ಡಬ್ಬಿಯಲ್ಲಿಟ್ಟು ಸಂಗ್ರಾಹಕರಿಗೆ ಮಾರುವಂಥದ್ದು. 2023 ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವಾಗಿತ್ತು. ಆ ಮಾರ್ಚ್‌ನಲ್ಲಿ ದಿಲ್ಲಿಯ ಸಮ್ಮೇಳನದಲ್ಲಿ ಪ್ರಧಾನಿ ಸಿರಿಧಾನ್ಯದ ನಾಣ್ಯವನ್ನು ಅನಾವರಣ ಮಾಡಿದರು. ಕರ್ನಾಟಕದ ಬಯಲುಸೀಮೆಗೆ ಇದಕ್ಕಿಂತ ಒಳ್ಳೆಯ ವಿಷಯ ಬೇಕೆ? ರಾಗಿ ತಿಂದು ರಾಗಿ ಬೆಳೆದು ಬದುಕಿದ ತುಮಕೂರು, ಕೋಲಾರ, ರಾಮನಗರದ ಯಾವ ಸಂತೆಯಲ್ಲಾದರೂ ಆ ನಾಣ್ಯ ಓಡಾಡಿತೆ? ಮರುತಿಂಗಳು ಮೈಸೂರಿನಲ್ಲೇ, ಹುಲಿ ಯೋಜನೆಯ ಸುವರ್ಣ ಮಹೋತ್ಸವದಲ್ಲಿ, 50 ರೂಪಾಯಿಯ ನಾಣ್ಯ ಬಿಡುಗಡೆಯಾಯಿತು. 1973ರಲ್ಲಿ ಯೋಜನೆ ಶುರುವಾದಾಗ ಆರಿಸಿದ ಒಂಬತ್ತು ಕಾಡುಗಳಲ್ಲಿ ಬಂಡೀಪುರವೂ ಒಂದು. ಆ ಕಾಡಿನಲ್ಲಿ ರಾತ್ರಿ ಗಸ್ತು ತಿರುಗುವ ವಾಚರ್‌ನ ಸಂಬಳದ ಹಣದಲ್ಲಿ, ಕಾಡಂಚಿನಲ್ಲಿ ದನ ಕಳೆದುಕೊಂಡವನ ಜೇಬಿನಲ್ಲಿ ಆ ನಾಣ್ಯ ಇರಬೇಕಿತ್ತು. ವಿಷಯದ ಆಯ್ಕೆ ಸರಿಯಾಗಿಯೇ ಇತ್ತು. ಆದರೆ ಆ ಆಯ್ಕೆ ಯಾರಿಗೂ ತಲುಪಲಿಲ್ಲ.

ಇಲ್ಲಿ ನನ್ನ ವಾದದ ಮೂಲವಿದೆ. ನಾಣ್ಯವನ್ನು ಚಲಾವಣೆಯಿಂದ ಬಿಡಿಸಿದ ಮೇಲೆ ಅದರ ವಿಷಯಕ್ಕೆ ಯಾರ ಒಪ್ಪಿಗೆಯೂ ಬೇಕಾಗಲಿಲ್ಲ. ಒಪ್ಪುವವರು ಮಾತ್ರ ಕೊಳ್ಳುತ್ತಾರೆ, ಒಪ್ಪದವರಿಗೆ ಅಂಥ ನಾಣ್ಯವಿದೆ ಎಂದೇ ಗೊತ್ತಾಗುವುದಿಲ್ಲ. ಹೀಗಾಗಿ ಯಾರ ನಾಣ್ಯವಾದರೂ ಬರಬಹುದು, ಎಷ್ಟಾದರೂ ಬರಬಹುದು. ಬಂದಷ್ಟೂ ಅದರ ಅರ್ಥ ತೆಳುವಾಗುತ್ತದೆ.

ಚಲಾವಣೆಯ ನಾಣ್ಯ ಆಳುವವನನ್ನು ಹೇಗೆ ಕಟ್ಟಿಹಾಕುತ್ತದೆ ಎಂಬುದಕ್ಕೆ ನಮ್ಮ ನೆಲದಲ್ಲೇ ಒಳ್ಳೆಯ ಉದಾಹರಣೆ ಇದೆ. 1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದ. ಇಕ್ಕೇರಿ ನಾಯಕರ ವರಹದ ಮೇಲೆ ಶಿವಪಾರ್ವತಿಯರ ಚಿತ್ರವಿತ್ತು; ವಿಜಯನಗರದಿಂದ ಬಂದ ಪದ್ಧತಿ ಅದು. ಹೈದರ್ ತನ್ನದೇ ಬಹದ್ದೂರಿ ವರಹ ಹೊರಡಿಸಿದಾಗ ಶಿವಪಾರ್ವತಿಯರನ್ನು ಹಾಗೇ ಉಳಿಸಿಕೊಂಡ. ಹಿಂಬದಿಯಲ್ಲಿ ತನ್ನ ಹೆಸರಿನ ಮೊದಲ ಅಕ್ಷರವೊಂದನ್ನು ಪರ್ಷಿಯನ್ ಲಿಪಿಯಲ್ಲಿ ಹಾಕಿಸಿದ, ಅಷ್ಟೇ. ಇದನ್ನು ಉದಾರತೆ ಎನ್ನುವವರಿದ್ದಾರೆ, ಲೆಕ್ಕಾಚಾರ ಎನ್ನುವವರೂ ಇದ್ದಾರೆ. ನನಗೆ ಮುಖ್ಯವೆನಿಸುವುದು ಬೇರೆ. ಆ ವರಹವನ್ನು ಮಲೆನಾಡಿನ ಅಡಿಕೆ ವ್ಯಾಪಾರಿ ಮುಟ್ಟಿ, ತಿರುಗಿಸಿ ನೋಡಿ, ನಂಬಿ ಒಪ್ಪಿಕೊಳ್ಳಬೇಕಿತ್ತು. ಸರ್ವಾಧಿಕಾರಿಯೊಬ್ಬ ಕೂಡ ನಾಣ್ಯದ ಚಿತ್ರವನ್ನು ಬಳಸುವವನ ಕಣ್ಣಿನಿಂದ ಆರಿಸಿದ. ಟಿಪ್ಪುವಿನ ಪತನದ ನಂತರ ಮುಮ್ಮಡಿ ಕೃಷ್ಣರಾಜರ ಕಾಲದಲ್ಲೂ ಅದೇ ಶಿವಪಾರ್ವತಿಯರು ಮುಂದುವರಿದರು.

ಯುರೋಪಿನಲ್ಲಿ 2015ರಲ್ಲಿ ನಡೆದದ್ದೂ ಇದೇ. ವಾಟರ್ಲೂ ಯುದ್ಧಕ್ಕೆ 200 ವರ್ಷ ತುಂಬಿತೆಂದು ಬೆಲ್ಜಿಯಂ 2 ಯೂರೋ ನಾಣ್ಯ ಹೊರಡಿಸಲು ಹೊರಟಿತು. ಫ್ರಾನ್ಸ್ ತಕರಾರು ತೆಗೆಯಿತು. 2 ಯೂರೋ ನಾಣ್ಯ ಯೂರೋ ಬಳಸುವ ಎಲ್ಲ ದೇಶಗಳಲ್ಲಿ ನಡೆಯುತ್ತದೆ; ನೆಪೋಲಿಯನ್ ಸೋತ ನೆನಪನ್ನು ಫ್ರೆಂಚ್ ಪ್ರಜೆ ತನ್ನ ಜೇಬಿನಲ್ಲಿ ಹೊರಬೇಕೆ ಎಂಬುದು ಅವರ ಪ್ರಶ್ನೆ. ಬೆಲ್ಜಿಯಂ ಹಿಂದೆ ಸರಿಯಿತು. ಆಮೇಲೆ ತನ್ನ ದೇಶದೊಳಗೆ ಮಾತ್ರ ಸಲ್ಲುವ ಎರಡೂವರೆ ಯೂರೋ ನಾಣ್ಯ ಹೊರಡಿಸಿ ಆಸೆ ತೀರಿಸಿಕೊಂಡಿತು. ಫ್ರಾನ್ಸ್ ಅತಿಸೂಕ್ಷ್ಮವಾಯಿತು ಎಂದೇ ಇಟ್ಟುಕೊಳ್ಳಿ. ಆದರೂ ನಾಣ್ಯ ಕೈಗೆ ಬರುತ್ತದೆ ಎಂಬ ಕಾರಣಕ್ಕೇ ಎರಡು ಸರ್ಕಾರಗಳು ಒಂದು ಚಿತ್ರದ ಬಗ್ಗೆ ಗಂಭೀರವಾಗಿ ಮಾತಾಡಬೇಕಾಯಿತು.

ನಮ್ಮಲ್ಲೂ ಅಂಥ ಮಾತು ಒಮ್ಮೆ ನಡೆದಿತ್ತು. 2010ರಲ್ಲಿ ತಂಜಾವೂರಿನ ಬೃಹದೀಶ್ವರ ದೇವಾಲಯದ ಸಾವಿರ ವರ್ಷದ ನಾಣ್ಯವೂ, ಆಮೇಲೆ ವೈಷ್ಣೋದೇವಿಯ ನಾಣ್ಯವೂ ಚಲಾವಣೆಗೆ ಬಂದವು. ಧರ್ಮನಿರಪೇಕ್ಷ ದೇಶದ ನಾಣ್ಯದ ಮೇಲೆ ಇವು ಸಲ್ಲುತ್ತವೆಯೆ ಎಂದು ಕೇಳಿದ ಅರ್ಜಿಯನ್ನು ದಿಲ್ಲಿ ಹೈಕೋರ್ಟ್ 2018ರಲ್ಲಿ ವಜಾ ಮಾಡಿತು. ಧರ್ಮನಿರಪೇಕ್ಷತೆ ಇಂಥ ನಾಣ್ಯವನ್ನು ನಿಷೇಧಿಸುವುದಿಲ್ಲ ಎಂದಿತು. ತೀರ್ಪನ್ನು ನೀವು ಒಪ್ಪಿ, ಬಿಡಿ. ಪ್ರಶ್ನೆ ಎದ್ದದ್ದು, ಉತ್ತರ ಬಂದದ್ದು ಆ ನಾಣ್ಯಗಳು ಜನರ ನಡುವೆ ಓಡಾಡಿದ್ದರಿಂದ.

ಇಂದು ಆಯ್ಕೆ ಹೇಗೆ ನಡೆಯುತ್ತದೆ? 2011ರ ನಾಣ್ಯ ಕಾಯ್ದೆಯಂತೆ ನಾಣ್ಯದ ಮುಖಬೆಲೆ, ಲೋಹ, ವಿನ್ಯಾಸ ಎಲ್ಲವನ್ನೂ ನಿರ್ಧರಿಸುವುದು ಕೇಂದ್ರ ಸರ್ಕಾರ. ಟಂಕಿಸುವುದು ಮುಂಬೈ, ಕೋಲ್ಕತಾ, ಹೈದರಾಬಾದ್, ನೋಯ್ಡಾದ ಟಂಕಸಾಲೆಗಳು. ರಿಸರ್ವ್ ಬ್ಯಾಂಕಿನ ಕೆಲಸ ಚಲಾವಣೆಗೆ ಬಿಡುವುದಷ್ಟೇ. ಪ್ರತಿ ನಾಣ್ಯಕ್ಕೂ ಹಣಕಾಸು ಸಚಿವಾಲಯದ ಆರ್ಥಿಕ ವ್ಯವಹಾರಗಳ ಇಲಾಖೆ ರಾಜಪತ್ರದಲ್ಲಿ ಅಧಿಸೂಚನೆ ಹೊರಡಿಸುತ್ತದೆ. ಅದನ್ನು ಓದಿ ನೋಡಿ. ವ್ಯಾಸ 44 ಮಿಲಿಮೀಟರ್, ತೂಕ 35 ಗ್ರಾಂ, ಬೆಳ್ಳಿ ನೂರಕ್ಕೆ 50, ತಾಮ್ರ 40, ನಿಕ್ಕಲ್ 5, ಸತು 5, ಅಂಚಿನಲ್ಲಿ 200 ಹಲ್ಲುಗಳು. ಅಂಚಿನ ಹಲ್ಲಿನ ಲೆಕ್ಕವೂ ಇರುತ್ತದೆ. ಈ ವಿಷಯವನ್ನೇ ಏಕೆ ಆರಿಸಿದರು, ಯಾರು ಕೇಳಿದ್ದರು, ಬೇರೆ ಯಾವ ಪ್ರಸ್ತಾವಗಳು ಬಂದಿದ್ದವು, ಅವು ಏಕೆ ಬಿದ್ದುಹೋದವು ಎಂಬುದರ ಬಗ್ಗೆ ಒಂದು ಸಾಲೂ ಇರುವುದಿಲ್ಲ.

ಕಾರಣ ಹೇಳುವ ಹೊಣೆ ಇಲ್ಲದಾಗ ಏನಾಗುತ್ತದೆ ಎಂಬುದಕ್ಕೆ ಒಂದು ನಾಣ್ಯ ಸಾಕು. 2007ರಲ್ಲಿ ಪ್ರಥಮ ಸ್ವಾತಂತ್ರ್ಯ ಸಂಗ್ರಾಮಕ್ಕೆ 150 ವರ್ಷ ತುಂಬಿತೆಂದು 5 ರೂಪಾಯಿ ನಾಣ್ಯ ಬಂತು. ಮೂರು ವರ್ಷ ಕಳೆದ ಮೇಲೆ ಆದಾಯ ತೆರಿಗೆಗೆ 150 ವರ್ಷ ತುಂಬಿತೆಂದು ಮತ್ತೊಂದು 5 ರೂಪಾಯಿ ನಾಣ್ಯ. ಅದರ ಮೇಲೆ ಚಾಣಕ್ಯ, ಕಮಲ, ಜೇನುನೊಣ. ಈ ದೇಶದಲ್ಲಿ ಆದಾಯ ತೆರಿಗೆ ಬಂದದ್ದು 1860ರಲ್ಲಿ, ಜೇಮ್ಸ್ ವಿಲ್ಸನ್ ಎಂಬ ಬ್ರಿಟಿಷ್ ಅಧಿಕಾರಿಯ ಕೈಯಿಂದ. 1857ರ ದಂಗೆಯನ್ನು ಹತ್ತಿಕ್ಕಲು ಬರಿದಾದ ಬೊಕ್ಕಸವನ್ನು ತುಂಬಿಕೊಳ್ಳಲು ತಂದ ತೆರಿಗೆ ಅದು. ಬಂಡೆದ್ದವರಿಗೆ ಒಂದು ನಾಣ್ಯ, ಅವರನ್ನು ಕೊಂದ ಖರ್ಚನ್ನು ವಸೂಲು ಮಾಡಿದ ತೆರಿಗೆಗೆ ಇನ್ನೊಂದು. ಎರಡೂ ಒಂದೇ ಸರ್ಕಾರದಿಂದ, ಅದೇ ಸಿಂಹಲಾಂಛನದ ಕೆಳಗೆ. ಕೂತು ಚರ್ಚಿಸುವ ನಾಲ್ಕು ಜನರ ಸಮಿತಿಯೊಂದಿದ್ದರೆ ಅವರಲ್ಲಿ ಒಬ್ಬರಾದರೂ ಇತಿಹಾಸ ಓದಿದವರಿರುತ್ತಿದ್ದರು. ಸ್ಟೇಟ್ ಬ್ಯಾಂಕ್, ಒಎನ್‌ಜಿಸಿ, ಬಿಎಚ್‌ಇಎಲ್, ತೆಂಗಿನನಾರು ಮಂಡಳಿ ಎಲ್ಲಕ್ಕೂ ನಾಣ್ಯಗಳು ಬಂದಿವೆ. ಇವೆಲ್ಲ ದೇಶಕ್ಕೆ ದುಡಿದ ಸಂಸ್ಥೆಗಳು, ಸಂಶಯವಿಲ್ಲ. ಆದರೆ ಸರ್ಕಾರ ತನ್ನದೇ ಕಚೇರಿಗಳ ಹುಟ್ಟುಹಬ್ಬವನ್ನು ತನ್ನದೇ ಟಂಕಸಾಲೆಯಲ್ಲಿ ಆಚರಿಸಿಕೊಂಡರೆ ಅದು ಇಲಾಖೆಯ ಸಮಾರಂಭ, ದೇಶದ ಸ್ಮರಣೆ ಅಲ್ಲ.

ರಾಜಕಾರಣಿಗಳ ವಿಷಯಕ್ಕೆ ಬಂದರೆ ಯಾವ ಪಕ್ಷದ ಕೈಯೂ ಶುದ್ಧವಲ್ಲ. ಸ್ವತಂತ್ರ ಭಾರತದ ಮೊದಲ ಸ್ಮರಣಾರ್ಥ ನಾಣ್ಯ ಬಂದದ್ದೇ 1964ರಲ್ಲಿ, ನೆಹರೂ ತೀರಿಕೊಂಡ ವರ್ಷದಲ್ಲೇ, ಅವರ ಪಕ್ಷದ ಸರ್ಕಾರದಿಂದ. ಗಾಂಧೀಜಿಯ ನಾಣ್ಯಕ್ಕೆ ಅವರ ಶತಮಾನೋತ್ಸವದ 1969ರ ತನಕ ಕಾಯಬೇಕಾಯಿತು, ಅಂದರೆ ಅವರ ಹತ್ಯೆಯಾಗಿ 21 ವರ್ಷ. ಇಂದಿರಾ ಗಾಂಧಿ ಹತ್ಯೆಯಾದ ಮರುವರ್ಷ, ರಾಜೀವ್ ಗಾಂಧಿ ಹತ್ಯೆಯಾದ ವರ್ಷವೇ ಅವರ ನಾಣ್ಯಗಳು ಬಂದವು. ಪಕ್ಷ ಬದಲಾಯಿತು, ಶ್ಯಾಮಪ್ರಸಾದ್ ಮುಖರ್ಜಿ, ದೀನದಯಾಳ್ ಉಪಾಧ್ಯಾಯ, ವಿಜಯರಾಜೇ ಸಿಂಧಿಯಾ ಬಂದರು. ವಾಜಪೇಯಿ ತೀರಿಕೊಂಡದ್ದು 2018ರ ಆಗಸ್ಟ್‌ನಲ್ಲಿ, ನಾಣ್ಯ ಅದೇ ಡಿಸೆಂಬರಿನಲ್ಲಿ. 2025ರ ಅಕ್ಟೋಬರಿನಲ್ಲಿ ರಾಷ್ಟ್ರೀಯ ಸ್ವಯಂಸೇವಕ ಸಂಘದ ನೂರು ವರ್ಷದ ನಾಣ್ಯ ಬಂತು. ಇವರಲ್ಲಿ ಯಾರು ಯೋಗ್ಯರು, ಯಾರು ಅಲ್ಲ ಎಂದು ನಾನು ಅಳೆಯಲು ಹೊರಟಿಲ್ಲ. ಅಳೆಯುವುದಕ್ಕೆ ಕಾಲ ಬೇಕು. ಆ ಕಾಲವನ್ನು ಯಾವ ಸರ್ಕಾರವೂ ಕೊಡುತ್ತಿಲ್ಲ ಎಂಬುದೇ ನನ್ನ ತಕರಾರು. ಎಲ್ಲಕ್ಕಿಂತ ನನ್ನನ್ನು ಕಾಡಿದ್ದು 2023ರ ಏಪ್ರಿಲ್‌ನ ನಾಣ್ಯ. ಪ್ರಧಾನಿಯವರ ರೇಡಿಯೊ ಕಾರ್ಯಕ್ರಮ ಮನ್ ಕೀ ಬಾತ್‌ನ ನೂರನೇ ಸಂಚಿಕೆಗೆ 100 ರೂಪಾಯಿ. ಮೇಲೆ ಮೈಕಿನ ಚಿತ್ರ. ಅಧಿಕಾರದಲ್ಲಿರುವ ಸರ್ಕಾರ ಅಧಿಕಾರದಲ್ಲಿರುವ ನಾಯಕನ ಕಾರ್ಯಕ್ರಮಕ್ಕೆ ಗಣರಾಜ್ಯದ ನಾಣ್ಯವನ್ನು ಒತ್ತಿಸಿದ್ದು ತಪ್ಪು. ಯಾರು ಆ ಕುರ್ಚಿಯಲ್ಲಿ ಕೂತಿದ್ದರೂ ಇದು ತಪ್ಪೇ.

ಇದರ ಜೊತೆಗೆ ಅಂಕಿಗಳ ಮೋಹವೊಂದು ಅಂಟಿಕೊಂಡಿದೆ. ಗುರು ಗೋವಿಂದ ಸಿಂಗರ 350ನೇ ಜಯಂತಿಗೆ 350 ರೂಪಾಯಿ, ಗುರುನಾನಕರ 550ಕ್ಕೆ 550, ಮೀರಾಬಾಯಿಯ 525ಕ್ಕೆ 525, ಅಹಲ್ಯಾಬಾಯಿ ಹೋಳ್ಕರರ 300ಕ್ಕೆ 300, ರಿಸರ್ವ್ ಬ್ಯಾಂಕಿನ 90ಕ್ಕೆ 90. ಕಾಯ್ದೆಯ ಪ್ರಕಾರ ನಾಣ್ಯದ ಮುಖಬೆಲೆ 1,000 ರೂಪಾಯಿ ಮೀರುವಂತಿಲ್ಲ. ಹಾಗಾಗಿ ಮಹಾವೀರರ 2,550ನೇ ನಿರ್ವಾಣ ಮಹೋತ್ಸವಕ್ಕೆ 100 ರೂಪಾಯಿಯ ನಾಣ್ಯ ಬಂತು. 525 ರೂಪಾಯಿಯ ನಾಣ್ಯದಿಂದ ಯಾವ ಲೆಕ್ಕ ಚುಕ್ತಾ ಆಗುತ್ತದೆ? ಅರಮನೆ ಬಿಟ್ಟು ಬೀದಿಯಲ್ಲಿ ಹಾಡಿದ ಮೀರಾಳನ್ನು ಸಾವಿರಾರು ರೂಪಾಯಿ ಬೆಲೆಯ ಬೆಳ್ಳಿಯಲ್ಲಿ ಮುಚ್ಚಿಟ್ಟರೆ ಬೀದಿಯವರಿಗೆ ಅವಳು ಸಿಗುವುದು ಹೇಗೆ? ವಾರ್ಷಿಕೋತ್ಸವ ಎಂಬುದು ವಿಷಯವನ್ನು ಆರಿಸುವ ಕಾರಣವೇ ಅಲ್ಲ. ಪಂಚಾಂಗ ತಿರುವಿದರೆ ಪ್ರತಿ ದಿನವೂ ಯಾವುದೋ ಒಂದು ದುಂಡು ಅಂಕಿ ಸಿಗುತ್ತದೆ.

ಅಮೆರಿಕ ಈ ದಾರಿಯಲ್ಲಿ ನಮಗಿಂತ ಮೊದಲೇ ನಡೆದು ಎಡವಿದೆ. 1936ರಲ್ಲಿ ಅಲ್ಲಿ ಊರೂರಿಗೂ ಸ್ಮರಣಾರ್ಥ ಅರ್ಧ ಡಾಲರ್ ಬಂತು. ಆ ಪೈಕಿ ಸಿನ್ಸಿನಾಟಿ ನಗರ ಸಂಗೀತ ಕೇಂದ್ರವಾಗಿ 50 ವರ್ಷ ಆಯಿತೆಂದು ಒಂದು ನಾಣ್ಯ. 1886ರಲ್ಲಿ ಅಲ್ಲಿ ಸಂಗೀತದ ಯಾವ ಮಹತ್ವದ ಘಟನೆಯೂ ನಡೆದಿರಲಿಲ್ಲ. ನಾಣ್ಯದ ಮೇಲೆ ಮುಖವಿದ್ದ ಗೀತರಚನಕಾರ ಸ್ಟೀಫನ್ ಫಾಸ್ಟರ್ 1864ರಲ್ಲೇ ತೀರಿಕೊಂಡಿದ್ದ. ಒಟ್ಟು 15,000 ನಾಣ್ಯಗಳು, ಮೂರು ಟಂಕಸಾಲೆಗಳ ಗುರುತಿನಲ್ಲಿ, ಸಂಗ್ರಾಹಕರ ದುಡ್ಡಿಗಾಗಿ. ಅಸಹ್ಯಪಟ್ಟುಕೊಂಡ ಸಂಸತ್ತು ಮೊದಲು ಕೈಬಿಗಿ ಮಾಡಿತು, 1954ರ ನಂತರ 1982ರ ತನಕ ಅಲ್ಲಿ ಇಂಥ ನಾಣ್ಯಗಳೇ ಬರಲಿಲ್ಲ. ಮತ್ತೆ ಶುರುವಾದ ಮೇಲೆ ಮತ್ತೆ ಅತಿಯಾಯಿತು. 1996ರಲ್ಲಿ ಕಾನೂನು ಮಾಡಿ, 1999ರಿಂದ ವರ್ಷಕ್ಕೆ ಎರಡೇ ವಿಷಯ ಎಂದು ಮಿತಿ ಹಾಕಿದರು. ಯೂರೋ ದೇಶಗಳಿಗೂ ವರ್ಷಕ್ಕೆ ಎರಡು ಸ್ಮರಣಾರ್ಥ 2 ಯೂರೋ ನಾಣ್ಯಗಳ ಮಿತಿಯಿದೆ. ಬ್ರಿಟನ್ನಿನಲ್ಲಿ 1922ರಿಂದ ಟಂಕಸಾಲೆಗೆ ಸಲಹಾ ಸಮಿತಿಯಿದೆ. ಮಕ್ಕಳ ಕತೆಗಾರ್ತಿ ಎನಿಡ್ ಬ್ಲೈಟನ್ ಅವರ ನಾಣ್ಯ ಬೇಡವೆಂದು ಆ ಸಮಿತಿ 2016ರಲ್ಲಿ ನಿರ್ಧರಿಸಿದ್ದು, ಅದಕ್ಕೆ ಕೊಟ್ಟ ಕಾರಣ, ಎರಡೂ ಆಮೇಲೆ ಪತ್ರಿಕೆಗಳಿಗೆ ಸಿಕ್ಕವು. ಆ ನಿರ್ಧಾರ ಅನೇಕರಿಗೆ ಹಿಡಿಸಲಿಲ್ಲ. ಆದರೆ ಜಗಳವಾಡಲು ಅವರಿಗೆ ಬರಹದಲ್ಲಿದ್ದ ಒಂದು ಕಾರಣವಾದರೂ ಸಿಕ್ಕಿತು.

ದೂರದ ದೇಶ ಬೇಡವೆಂದರೆ ನಮ್ಮ ಅಂಚೆ ಇಲಾಖೆಯನ್ನೇ ನೋಡಬಹುದು. ಅಂಚೆಚೀಟಿಯ ವಿಷಯಗಳನ್ನು ಪರಿಶೀಲಿಸಲು ಅಲ್ಲಿ ಸಲಹಾ ಸಮಿತಿಯಿದೆ, ನಾಗರಿಕರು ಪ್ರಸ್ತಾವ ಕಳುಹಿಸಬಹುದು. ಹಣಕಾಸು ಸಚಿವಾಲಯಕ್ಕೇ ಇದು ಗೊತ್ತಿಲ್ಲದ ವಿದ್ಯೆಯಲ್ಲ: ರೂಪಾಯಿಗೆ ಚಿಹ್ನೆ ಬೇಕೆಂದಾಗ 2009ರಲ್ಲಿ ಬಹಿರಂಗ ಸ್ಪರ್ಧೆ ನಡೆಸಿದರು, 3 ಸಾವಿರಕ್ಕೂ ಹೆಚ್ಚು ವಿನ್ಯಾಸಗಳು ಬಂದವು, 2010ರ ಜುಲೈನಲ್ಲಿ ಡಿ. ಉದಯಕುಮಾರ್ ಅವರ ವಿನ್ಯಾಸವನ್ನು ಆರಿಸಿದರು. ಇಂದು ಆ ಚಿಹ್ನೆ ಪ್ರತಿ ಹೊಸ ನಾಣ್ಯದ ಮೇಲಿದೆ.

ಇದಕ್ಕೆ ಬರುವ ಆಕ್ಷೇಪಗಳು ನನಗೆ ಗೊತ್ತು. ಬೆಳ್ಳಿ ನಾಣ್ಯದಿಂದ ಟಂಕಸಾಲೆಗೆ ಲಾಭವಿದೆ, ಬೇಕಾದವರು ಕೊಳ್ಳುತ್ತಾರೆ, ಯಾರಿಗೇನು ತೊಂದರೆ ಎನ್ನುತ್ತಾರೆ. ಲಾಭ ಬೇಕಿದ್ದರೆ ಪದಕ ಮಾಡಿ ಮಾರಲಿ. ಟಂಕಸಾಲೆಗೆ ಅದೂ ಬರುತ್ತದೆ. ಅದರ ಮೇಲೆ ಸತ್ಯಮೇವ ಜಯತೇ ಎಂದು ಬರೆದು, ರೂಪಾಯಿ ಬೆಲೆ ಹಾಕಿ, ನಾಣ್ಯ ಎಂದು ಕರೆಯಬಾರದು. ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು. ಬೇರೆ ಬೇರೆ ಚಿತ್ರಗಳ ನಾಣ್ಯ ಚಲಾವಣೆಗೆ ಬಂದರೆ ಜನ ಗೊಂದಲಗೊಳ್ಳುತ್ತಾರೆ, 10 ರೂಪಾಯಿ ನಾಣ್ಯದ ಗತಿ ನೋಡಿಲ್ಲವೆ ಎಂಬುದು. ನೋಡಿದ್ದೇವೆ. ಕರ್ನಾಟಕದ ಊರೂರಲ್ಲಿ ಅಂಗಡಿಯವರು 10 ರೂಪಾಯಿ ನಾಣ್ಯ ನಡೆಯುವುದಿಲ್ಲ ಎಂದು ವಾಪಸ್ ಕೊಟ್ಟರು. ಕೊನೆಗೆ 2018ರ ಜನವರಿಯಲ್ಲಿ ರಿಸರ್ವ್ ಬ್ಯಾಂಕೇ ಪ್ರಕಟಣೆ ಹೊರಡಿಸಿ, ಈ ತನಕ 14 ವಿನ್ಯಾಸಗಳು ಬಂದಿವೆ, ಎಲ್ಲವೂ ಸಲ್ಲುತ್ತವೆ ಎಂದು ಹೇಳಬೇಕಾಯಿತು. ಆ ಪ್ರಕಟಣೆ ನನ್ನ ವಾದಕ್ಕೇ ಸಾಕ್ಷಿ. ಸುಮಾರು ಹತ್ತು ವರ್ಷಗಳಲ್ಲಿ 14 ವಿನ್ಯಾಸ ಬಂದವು, ಯಾವುದರ ಬಗ್ಗೆಯೂ ಅಂಗಡಿಯವನಿಗೆ ಯಾರೂ ಹೇಳಲಿಲ್ಲ. ವರ್ಷಕ್ಕೆ ಒಂದೋ ಎರಡೋ ವಿಷಯ, ಮುಂಚೆಯೇ ಸಾರಿ ಹೇಳಿ, ಬಸ್ ನಿಲ್ದಾಣ, ಶಾಲೆ, ಬ್ಯಾಂಕುಗಳಲ್ಲಿ ಚಿತ್ರ ಅಂಟಿಸಿ ಬಿಟ್ಟಿದ್ದರೆ ಯಾರೂ ಅನುಮಾನಿಸುತ್ತಿರಲಿಲ್ಲ. ಚಲಾವಣೆ ಈಗಲೂ ಸಾಧ್ಯ ಎಂಬುದಕ್ಕೆ 2022ರ ಜೂನ್‌ನ ಅಮೃತ ಮಹೋತ್ಸವದ ನಾಣ್ಯಗಳೇ ಇವೆ. 1, 2, 5, 10, 20 ರೂಪಾಯಿ, ಎಲ್ಲ ನಮ್ಮ ಜೇಬಿಗೆ ಬಂದವು. ಸ್ವಾತಂತ್ರ್ಯದ 75 ವರ್ಷಕ್ಕೆ ಅವುಗಳ ಮೇಲೆ ಕೂರಿಸಿದ್ದು ಸರ್ಕಾರಿ ಲಾಂಛನವೊಂದನ್ನು ಮಾತ್ರ ಎಂಬುದು ದುಃಖದ ಸಂಗತಿ.

ವ್ಯಕ್ತಿಗಳೇ ಬೇಡ ಎಂಬುದು ನನ್ನ ನಿಲುವಲ್ಲ. 2006ರಲ್ಲಿ ಬಸವೇಶ್ವರರ 5 ರೂಪಾಯಿ ನಾಣ್ಯ ಬಂದಾಗ ನನಗೆ ನಿಜಕ್ಕೂ ಸಂತೋಷವಾಗಿತ್ತು. ಬಿಜ್ಜಳನ ಭಂಡಾರಿಯಾಗಿ ಹಣದ ಲೆಕ್ಕ ಇಟ್ಟವರು, ಕಾಯಕ ದಾಸೋಹ ಎಂದವರು, ದಿನಗೂಲಿಯ ಕೈಯಲ್ಲಿ 5 ರೂಪಾಯಿಯಾಗಿ ಬಂದದ್ದು ಅವರ ಬದುಕಿಗೆ ತಕ್ಕ ಸ್ಮರಣೆ. 2009ರಲ್ಲಿ ಲೂಯಿ ಬ್ರೈಲ್‌ನ 2 ರೂಪಾಯಿ ನಾಣ್ಯವೂ ಅಂಥದ್ದೇ. 2003ರಲ್ಲಿ ರೈಲ್ವೆಯ 150 ವರ್ಷಕ್ಕೆ ಬಂದ 2 ರೂಪಾಯಿ ನಾಣ್ಯದ ಮೇಲೆ ಭೋಲು ಇದ್ದಾನೆ, ದೀಪ ಹಿಡಿದ ಗಾರ್ಡ್ ವೇಷದ ಆನೆ. ಆ ಭೋಲು ಮೊದಲು ಕಾಣಿಸಿಕೊಂಡದ್ದು ಬೆಂಗಳೂರಿನ ರೈಲು ನಿಲ್ದಾಣದಲ್ಲಿ, 2002ರಲ್ಲಿ. ರೈಲ್ವೆ ಮಂತ್ರಿಯ ಮುಖ ಹಾಕದೆ, ರೈಲಿನ ಕಟ್ಟಕಡೆಯ ಡಬ್ಬಿಯಲ್ಲಿ ನಿಂತು ಹಸಿರು ದೀಪ ತೋರಿಸುವ ಗಾರ್ಡ್‌ನನ್ನು ನೆನೆದ ಆ ನಾಣ್ಯವನ್ನು ಮಕ್ಕಳೂ ಪ್ರೀತಿಯಿಂದ ನೋಡಿದರು.

ಹಾಗಾದರೆ ಕರ್ನಾಟಕ ಏನು ಕೇಳಬೇಕು? ಮೊದಲು ನಿಯಮ ಕೇಳಬೇಕು. ವರ್ಷಕ್ಕೆ ಎರಡಕ್ಕಿಂತ ಹೆಚ್ಚು ವಿಷಯ ಕೂಡದು. ತೀರಿಕೊಂಡು 50 ವರ್ಷವಾಗದ ಯಾರ ಮುಖವೂ ಬರಕೂಡದು. ಸರ್ಕಾರದ ಇಲಾಖೆ, ಕಂಪನಿಗಳ ಹುಟ್ಟುಹಬ್ಬಕ್ಕೆ ನಾಣ್ಯವಿಲ್ಲ. ಬಂದ ಪ್ರಸ್ತಾವಗಳೆಲ್ಲ ಪ್ರಕಟವಾಗಬೇಕು, ಆರಿಸಿದ ಕಾರಣ ರಾಜಪತ್ರದಲ್ಲಿ ಇರಬೇಕು, ಕೆತ್ತಿದ ಕಲಾವಿದರ ಹೆಸರೂ ಇರಬೇಕು. ಸ್ಮರಣಾರ್ಥ ಎಂದು ಕರೆಸಿಕೊಳ್ಳುವ ಪ್ರತಿ ನಾಣ್ಯವೂ 5, 10 ಅಥವಾ 20 ರೂಪಾಯಿಯಾಗಿ ಚಲಾವಣೆಗೆ ಬರಲೇಬೇಕು. ಕುವೆಂಪು ತೀರಿಕೊಂಡದ್ದು 1994ರಲ್ಲಿ. ಈ ನಿಯಮದಂತೆ 2044ರ ತನಕ ಕಾಯಬೇಕು. ಕಾಯೋಣ. ಅವರ ನಾಡಗೀತೆಯನ್ನು ನಮ್ಮ ಮಕ್ಕಳು ಶಾಲೆಯಲ್ಲಿ ಹಾಡುತ್ತಲೇ ಇದ್ದಾರೆ. ದಿಲ್ಲಿಯ ಬೆಳ್ಳಿಬಿಲ್ಲೆಗಾಗಿ ಅವರ ಹೆಸರು ಹಿಡಿದು ಸರತಿಯಲ್ಲಿ ನಿಲ್ಲುವುದು ಬೇಡ.

ಆಮೇಲೆ ವಿಷಯ ಕೇಳೋಣ. ಕೋಲಾರದ ಚಿನ್ನದ ಗಣಿಯಲ್ಲಿ ಮೂರು ಕಿಲೋಮೀಟರ್‌ಗೂ ಹೆಚ್ಚು ಆಳಕ್ಕೆ ಇಳಿದು ನೂರಿಪ್ಪತ್ತು ವರ್ಷ ಲೋಹ ತೆಗೆದವರು ನಮ್ಮಲ್ಲಿದ್ದಾರೆ. ತಮಿಳು, ತೆಲುಗು, ಕನ್ನಡ ಆಡುವ ಬಡವರು, ಅವರಲ್ಲಿ ಬಹುಪಾಲು ದಲಿತರು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಅವರ ಮಕ್ಕಳು ಇಂದಿಗೂ ರೈಲು ಹಿಡಿದು ಬೆಂಗಳೂರಿಗೆ ಕೂಲಿಗೆ ಬರುತ್ತಾರೆ. ಲೋಹದ ಮೇಲೆ ಮೂಡಲು ಅವರಿಗಿಂತ ಹಕ್ಕುದಾರರು ಯಾರು? ಆ ಗಣಿಗೆ ಬೆಳಕು ಕೊಡಲೆಂದು 1902ರಲ್ಲಿ ಕಾವೇರಿಯ ನೀರಿನಿಂದ ಕರೆಂಟು ತೆಗೆದ ಶಿವನಸಮುದ್ರವಿದೆ. ಸಾವಿರ ವರ್ಷದಿಂದ ಊರೂರು ಸೇರಿ ಕಟ್ಟಿ, ಹೂಳೆತ್ತಿ, ಹಂಚಿಕೊಂಡು ಬಂದ ನಮ್ಮ ಕೆರೆಗಳಿವೆ. ಕೋವಿಡ್ ಕಾಲದಲ್ಲಿ ಮನೆಮನೆಗೆ ಹೋದ ಆಶಾ ಕಾರ್ಯಕರ್ತೆಯರಿದ್ದಾರೆ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ ಅವರನ್ನು ಗೌರವಿಸಿತು. ಇವರಲ್ಲಿ ಯಾರೂ ಒಂದು ಪಕ್ಷದ, ಒಂದು ಜಾತಿಯ, ಒಂದು ಭಾಷೆಯ ಸ್ವತ್ತಲ್ಲ. ಇವರ ನಾಣ್ಯವನ್ನು ಅಸ್ಸಾಮಿನ ತೋಟದ ಕೂಲಿಯೂ, ಗುಜರಾತಿನ ನೇಕಾರನೂ ತನ್ನದೆಂದುಕೊಳ್ಳಬಲ್ಲ.

ಕನ್ನಡಿಗರಲ್ಲಿ ನನ್ನದೊಂದು ವಿನಂತಿ. ಮುಂದಿನ ಬಾರಿ ಯಾರದೋ ಬೆಳ್ಳಿ ನಾಣ್ಯದ ಸುದ್ದಿ ಬಂದಾಗ ನಮ್ಮವರದು ಯಾವಾಗ ಎಂದು ಕೇಳಬೇಡಿ. ಇದನ್ನು ಆರಿಸಿದ್ದು ಯಾರು, ಯಾವ ಕಾರಣಕ್ಕೆ, ಬೇರೆ ಯಾವ ಪ್ರಸ್ತಾವಗಳನ್ನು ತಳ್ಳಿಹಾಕಲಾಯಿತು, ಇದು ಚಲಾವಣೆಗೆ ಏಕೆ ಬರುವುದಿಲ್ಲ ಎಂದು ಆರ್ಥಿಕ ವ್ಯವಹಾರಗಳ ಇಲಾಖೆಗೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ. ನಿಮ್ಮ ಸಂಸದರಿಗೂ ಅದೇ ಪ್ರಶ್ನೆಗಳನ್ನು ಬರೆದು ಕಳುಹಿಸಿ, ಲೋಕಸಭೆಯಲ್ಲಿ ಕೇಳಿ ಎನ್ನಿ. ಮಾಹಿತಿ ಹಕ್ಕಿನ ಅರ್ಜಿಗೆ ಶುಲ್ಕ 10 ರೂಪಾಯಿ. 30 ದಿನದೊಳಗೆ ಉತ್ತರ ಕೊಡಬೇಕೆಂದು ಕಾನೂನಿದೆ.